ಪ್ರಳಯದ ಮರುದಿನ ಕೂತಿದ್ದ ಕಲಾಯಿ ಚಾಚಾ

ಅವರ ಅಂಗಾಲು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಮೈಯೆಲ್ಲ ಇದ್ದಿಲಿನ ಬಣ್ಣ, ಗಡ್ಡದಲ್ಲಿ ಬೂದಿ, ಉಗುರಿನ ಸಂದಿಯಲ್ಲಿ ಮಸಿ, ಕಿಡಿ ಸಿಡಿದು ಜರಡಿಯಾದ ಅಂಗಿ. ಆದರೆ ಕಾಲು ಮಡಚಿ ಕೂತರೆ ಅಂಗಾಲು ಮಾತ್ರ ಫಳಫಳ. ತಾಮ್ರದ ಹಂಡೆಯೊಳಗೆ ಮರಳು, ಹಳೆ ಗೋಣಿತಾಟಿನ ತುಂಡು ಹಾಕಿ, ತಾವೇ ಒಳಗೆ ಇಳಿದು, ಬೇವಿನ ಮರದ ಕೊಂಬೆ ಹಿಡಿದುಕೊಂಡು ಸೊಂಟವನ್ನು ಅತ್ತ ಇತ್ತ ತಿರುಗಿಸುತ್ತ ಕಾಲಿನಿಂದಲೇ ತಿಕ್ಕುತ್ತಿದ್ದರು. ಬಸ್ಸಿನಿಂದ ಇಳಿದ ಹೊಸಬರು ಹಂಡೆಯಲ್ಲಿ ನಿಂತು ಕುಣಿಯುವ ಮನುಷ್ಯನನ್ನು ನೋಡಿ ನಿಂತೇಬಿಡುತ್ತಿದ್ದರು. ಪಾತ್ರೆ ಶುಚಿಯಾದ ಮೇಲೆ ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಒಳಗೆಲ್ಲ ತವರ ಸವರುವುದು ಅವರ ಕಸುಬು. ಆ ತವರ ವರ್ಷಗಟ್ಟಲೆ ಅಂಗಾಲಿಗೂ ಇಳಿದಿತ್ತು. "ನನ್ನ ಕಾಲಿಗಿ ಕಲಾಯಿ ಆಗ್ಯಾದ ಬೇಟಾ. ಇನ್ನ ಕಿಲುಬು ಹಿಡಿಯಂಗಿಲ್ಲ" ಎನ್ನುತ್ತಿದ್ದರು.

ಅವರು ಈಗ ಯಾಕೆ ನೆನಪಾದರು ಎಂಬುದನ್ನು ಹೇಳಬೇಕು. ಮೊನ್ನೆ ನನ್ನ ಅಳಿಯ ಟಿವಿಗೆ ಒಂದು ಡಬ್ಬಿ ಜೋಡಿಸಿಕೊಂಡು ವಿಡಿಯೋ ಗೇಮ್ ಆಡುತ್ತ ಕೂತಿದ್ದ. ಎರಡು ಮಕ್ಕಳ ತಂದೆ, ಬ್ಯಾಂಕಿನಲ್ಲಿ ಕೆಲಸ. ಆದರೂ ರವಿವಾರ ಬಂತೆಂದರೆ ಬಂದೂಕು ಹಿಡಿದು ಟಿವಿಯೊಳಗೆ ಓಡುತ್ತಾನೆ. "ಏನಪಾ ಇದು?" ಎಂದೆ. "ಮಾವಾರ, ಇದರಾಗ ಪ್ರಪಂಚ ಮುಗದು ಹೋಗ್ಯಾದ್ರಿ. ಬಾಂಬ್ ಬಿದ್ದು ಊರೆಲ್ಲಾ ಸುಟ್ಟಾವ" ಎಂದ. ಮುರಿದು ಬಿದ್ದ ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಒಬ್ಬ ಮುದುಕ ಕೂತಿದ್ದ. ಅಳಿಯ ಎಷ್ಟು ಸಲ ಹತ್ತಿರ ಹೋದರೂ ಆ ಮುದುಕ ಬದುಕಿನ ಬಗ್ಗೆ ಅದೇ ಒಂದು ಮಾತು ಹೇಳುತ್ತಿದ್ದ. ಬಂದೂಕು ತೋರಿಸಿದರೂ ಅದೇ ಮಾತು. "ಇಂವ ಸಣ್ಣ ಪಾತ್ರರಿ. ಬರೇ ವೇದಾಂತ ಹೇಳ್ತಾನ, ಆಟಕ್ಕ ಏನೂ ಉಪಯೋಗಿಲ್ಲ" ಎಂದ ಅಳಿಯ. ನನಗೆ ಸಿಟ್ಟೇ ಬಂತು. ಆ ಮುದುಕನನ್ನು ನಾನು ಬಲ್ಲೆ. ಅಂಥ ಒಬ್ಬರು ಕೂತಲ್ಲಿಂದ ಏಳದೇ ಇದ್ದದ್ದಕ್ಕೆ ನನ್ನ ಮನೆಗೆ ಈ ಟಿವಿ ಬಂದಿದೆ, ಟಿವಿ ನೋಡುವ ಅಳಿಯನೂ ಬಂದಿದ್ದಾನೆ.

ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಪೋತ್ನಾಳದ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತೆ. ಆಮೇಲೆ ರಾಯಚೂರಿಗೆ ಹೋಗಿ, ಎಲ್ಲರೂ ಸೌಂಡ್ ಸೇಠ್ ಎಂದು ಕರೆಯುತ್ತಿದ್ದ ಒಬ್ಬರ ಕೈಕೆಳಗೆ ಹಾರ್ನ್ ಹೊತ್ತೆ. ಎಂಥ ಮರವಾದರೂ ಸರಿ, ಹತ್ತಿ ಹಾರ್ನ್ ಕಟ್ಟುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ನೋಡಿದವರೆಲ್ಲ ಹೋಗಿಬಿಟ್ಟರು. ಒಂದು ದಿನ ಮದುವೆ ಮನೆಯಲ್ಲಿ ಮೈಕಿನ ಗುಂಡಿ ತಿರುಗಿಸಲು ಹೋದೆ. ಸೇಠರು ಬೀಗರೆಲ್ಲರ ಎದುರಿಗೆ, "ಲೇ, ನೀ ಗಿಡ ಹತ್ತಾಕ ಹುಟ್ಟೀದಿ. ಮೈಕ್ ಮುಟ್ಟಾಕಲ್ಲ, ಸರಿ ಆಕಡಿ" ಎಂದರು. ನಾನು ಹಾರ್ನ್ ಅಲ್ಲಿಯೇ ಬಿಟ್ಟು ಊರಿನ ಬಸ್ ಹಿಡಿದೆ. ದುಡಿದು ಉಳಿಸಿದ್ದನ್ನೆಲ್ಲ ಸುರಿದು ಮಾನ್ವಿಯಲ್ಲಿ ನನ್ನದೇ ಮೈಕ್ ಸೆಟ್ ಮಾಡಿಕೊಂಡೆ. ಒಂದು ಆಂಪ್ಲಿಫೈಯರ್, ಒಂದು ಜೊತೆ ಹಾರ್ನ್, ಮೂರು ಮೈಕು, ಲಾರಿಯಿಂದ ಇಳಿಸಿದ ಬ್ಯಾಟರಿ. ಎಲ್ಲವೂ ಯಾರೋ ಬಳಸಿ ಬಿಟ್ಟದ್ದು. ಆದರೂ ನನ್ನದು.

ನನ್ನ ತಗಡಿನ ಅಂಗಡಿಯ ಪಕ್ಕದಲ್ಲೇ ಬೇವಿನ ಮರ, ಮರದ ಕೆಳಗೆ ಚಾಚಾರ ತಿದಿ, ಒಲೆ. ಮನೆಯಲ್ಲಿ ದಖ್ಖನಿ ಮಾತಾಡುತ್ತಿದ್ದರು, ನಮ್ಮ ಜೊತೆ ನಮ್ಮ ಹಾಗೆಯೇ ಕನ್ನಡ. ಯಾವ ಭಾಷೆಯಲ್ಲಾದರೂ ಕೇಳಿ, ನೆಟ್ಟಗೆ ಉತ್ತರ ಕೊಡುತ್ತಿರಲಿಲ್ಲ. "ಊಟ ಆತೇನ್ರಿ ಚಾಚಾ?" ಎಂದರೆ, "ಹೊಟ್ಟಿಗಿ ಕೇಳು. ನನಗ್ಯಾಕ ಕೇಳ್ತಿ?" ಒಬ್ಬ ಹೆಣ್ಣುಮಗಳು ಒಮ್ಮೆ ಚರಿಗೆ ತಂದು, "ಯಪ್ಪಾ, ಇದಕ್ಕ ತೂತು ಬಿದ್ದದ ನೋಡು" ಎಂದಳು. ಚಾಚಾ ಚರಿಗೆಯನ್ನು ಸೂರ್ಯನಿಗೆ ಹಿಡಿದು ಬಹಳ ಹೊತ್ತು ನೋಡಿದರು. "ತೂತು ಬಿದ್ದಿಲ್ಲವ್ವಾ. ತೂತು ಮೊದಲಿಂದ ಇತ್ತು. ಅದರ ಮ್ಯಾಲ ತಾಮ್ರ ಕುಂತಿತ್ತು. ಈಗ ಎದ್ದು ಹೋಗ್ಯಾದ."

"ನಿನ್ನ ಮಾತಿಗಿ ಕಲಾಯಿ ಹಾಕಿಕೋ. ನನ್ನ ಚರಿಗಿ ಯಾವಾಗ ಕೊಡ್ತಿ ಹೇಳು."

"ಯಾವಾಗ ಅನ್ನೋದು ಯಾರ ಕೈಯಾಗ ಅದವ್ವಾ?"

"ನಿನ್ನ ಕೈಯಾಗೇ ಅದ! ಅಗಾ ನೋಡು, ಹಿಡಕೊಂಡು ಕುಂತೀದಿ!"

ಇಂಥವರಿಗೆ ಗಿರಾಕಿ ಕಡಿಮೆಯಾದದ್ದು ಮಾತಿನಿಂದಲ್ಲ, ಸ್ಟೀಲಿನಿಂದ. ಆ ವರ್ಷಗಳಲ್ಲಿ ರಾಯಚೂರಿನ ತೀನ್ ಕಂದೀಲ್ ಬಜಾರಿನ ಕಡೆಯಿಂದ ಸ್ಟೀಲಿನ ಪಾತ್ರೆಗಳು ಬುಟ್ಟಿಗಟ್ಟಲೆ ಬಂದಿಳಿದವು. ಹೆಂಗಸರು ಅಜ್ಜಿ ಕಾಲದ ತಾಮ್ರ, ಹಿತ್ತಾಳೆ ಕೊಟ್ಟು ಸ್ಟೀಲು ತಗೊಂಡರು. ಸ್ಟೀಲಿಗೆ ಕಲಾಯಿ ಬೇಡ. ಮರದ ಕೆಳಗಿನ ಪಾತ್ರೆಗಳ ಸಾಲು ಕರಗುತ್ತ ಬಂತು. ಚಾಚಾ ಮಾತ್ರ ದಿನಾ ಒಲೆ ಹೊತ್ತಿಸಿ, ಪಾತ್ರೆ ಇಲ್ಲದಿದ್ದರೂ ತಿದಿ ಒತ್ತುತ್ತಿದ್ದರು. "ಯಾಕ್ರಿ ಸುಮ್ನ ಇದ್ದಿಲು ಸುಡ್ತೀರಿ?" ಎಂದರೆ, "ಬೆಂಕಿಗಿ ಅಭ್ಯಾಸ ತಪ್ಪಬಾರದು" ಎನ್ನುತ್ತಿದ್ದರು.

ಆಗಲೇ, ಎಪ್ಪತ್ತೊಂಬತ್ತರಲ್ಲಿ, ಸ್ಕೈಲ್ಯಾಬಿನ ಗದ್ದಲ. ಆಕಾಶದಲ್ಲಿ ಬಿಟ್ಟ ಒಂದು ಯಂತ್ರ ನಮ್ಮ ತಲೆಯ ಮೇಲೆಯೇ ಬೀಳುತ್ತದೆ, ಭೂಮಿ ಎಲ್ಲ ಬೂದಿಯಾಗುತ್ತದೆ ಎಂದು ಸುದ್ದಿ. ಜನ ಇದ್ದ ಕೋಳಿಗಳನ್ನೆಲ್ಲ ಕೊಯ್ದು ತಿಂದರು. ಹೋಟೆಲಿನವನು ಓಡಿಬಂದು, "ಚಾಚಾ, ಎಲ್ಲಾ ಖತಂ ಆಗ್ತದಂತ್ರಿ!" ಎಂದ. ಚಾಚಾ ತಿದಿ ನಿಲ್ಲಿಸಲಿಲ್ಲ. "ಆದ ಮ್ಯಾಲ ಬಂದು ಹೇಳು." ಅದು ಎಲ್ಲೋ ದೂರದ ಸಮುದ್ರದ ಕಡೆ ಬಿತ್ತು. ನಮ್ಮ ಕಡೆ ನಷ್ಟವಾದದ್ದು ಕೋಳಿ ಮಾತ್ರ.

ಆದರೆ ದೇವದುರ್ಗದಲ್ಲಿ ಒಬ್ಬ ಶಾಲಾ ಮಾಸ್ತರರಿದ್ದರು. ನಾಟಕ ಬರೆದು ಕಲಿಸುವ ಹುಚ್ಚು. ಅವರು ಬಿಡಲಿಲ್ಲ. ಅದು ನಿಜವಾಗಿಯೂ ಬಿದ್ದಿದ್ದರೆ ಮರುದಿನ ಏನಾಗುತ್ತಿತ್ತು ಎಂದು ಒಂದು ನಾಟಕವನ್ನೇ ಬರೆದರು: 'ಬೂದಿಯಾದ ಭೂಮಿ ಅರ್ಥಾತ್ ಉಳಿದವರ ಗೋಳು'. ಪ್ರಪಂಚವೆಲ್ಲ ಸುಟ್ಟಿದೆ. ನಾಯಕ ತನ್ನ ಪ್ರೇಯಸಿಯನ್ನು ಹುಡುಕುತ್ತ ಹೊರಡುತ್ತಾನೆ. ಉಳಿದಿರುವ ಒಂದೇ ಬಾವಿಯನ್ನು ಖಳನಾಯಕ ಕಾಯುತ್ತ ಕೂತಿದ್ದಾನೆ. ನಡುವೆ ಸುಟ್ಟ ಮರದ ಬುಡದಲ್ಲಿ ಒಬ್ಬ ಮುದುಕ. ದಾರಿ ಕೇಳಿಕೊಂಡು ಯಾರು ಬಂದರೂ ಅವನದು ಒಂದೇ ಮಾತು. ನಾಟಕ ಮಾಡುವ ಊರು ದೇವದುರ್ಗದ ದಾರಿಯಲ್ಲಿತ್ತು. ಆ ಊರಿನ ಗೌಡರ ಮಗ ನಾಯಕ, ಅದು ಮೊದಲೇ ನಿರ್ಧಾರ. ಉಳಿದವರು ತಮ್ಮ ತಮ್ಮ ಗತ್ತಿಗೆ ತಕ್ಕಂತೆ ಪಾತ್ರ ಹಂಚಿಕೊಂಡರು. ಮುದುಕನ ಪಾತ್ರ ಮಾತ್ರ ಯಾರಿಗೂ ಬೇಡ. ಹಾಡಿಲ್ಲ, ಕತ್ತಿ ಇಲ್ಲ, ಜರಿ ಅಂಗಿ ಇಲ್ಲ, ನಾಟಕ ಮುಗಿಯುವವರೆಗೆ ಒಳಗೆ ಹೋಗಿ ಒಂದು ಬೀಡಿ ಸೇದುವ ಹಾಗೂ ಇಲ್ಲ.

ಮಾಸ್ತರರು ಮೈಕ್ ಗೊತ್ತು ಮಾಡಲು ಮಾನ್ವಿಗೆ ನನ್ನ ಅಂಗಡಿಗೆ ಬಂದರು. ಬಂದವರು ಮೈಕ್ ಬಿಟ್ಟು ಬೇವಿನ ಮರದ ಕಡೆ ನೋಡುತ್ತ ನಿಂತರು. ಖಾಲಿ ಒಲೆಯ ಮುಂದೆ ಬೂದಿ ಮೆತ್ತಿಕೊಂಡು ಚಾಚಾ ಕೂತಿದ್ದರು.

"ಮೇಕಪ್ಪೇ ಬ್ಯಾಡ!" ಎಂದು ಮಾಸ್ತರರು ಕೂಗಿದರು. "ಚಾಚಾ, ನಾಟಕದಾಗ ಪಾರ್ಟು ಮಾಡ್ತೀರೇನ್ರಿ?"

"ಏನು ಮಾಡಬೇಕು?"

"ಕೂತಿರಬೇಕು."

"ಅದು ನನಗ ಬರ್ತದ."

ಮಾಸ್ತರರು ಬರೆದ ಮಾತು ಹೀಗಿತ್ತು: "ಸರ್ವವೂ ನಾಶವಾಯಿತೆಂದು ರೋದಿಸುವ ಎಲೈ ಪಥಿಕನೇ, ರೋದಿಸುತ್ತಿರುವ ನೀನಾರು?" ತಾಲೀಮಿನಲ್ಲಿ ಚಾಚಾ ಇದನ್ನು ಬಾಯಲ್ಲಿ ಹಾಕಿಕೊಂಡು ಅತ್ತ ಇತ್ತ ಹೊರಳಿಸಿದರು. ಕೊನೆಗೆ ಉಗುಳಿದ್ದು ಇಷ್ಟು: "ಎಲ್ಲಾ ಖತಂ ಅಂತಿ. ಮತ್ತ ಅನ್ನಾಂವ ಯಾರಪಾ?" ಮಾಸ್ತರರು ತಲೆ ಹಿಡಿದುಕೊಂಡರು. ಆಮೇಲೆ ಬೇರೆ ಯಾರೂ ಸಿಗದೆ ಸುಮ್ಮನಾದರು.

ನನ್ನ ಸಂಕಟ ಬೇರೆ ಇತ್ತು. ಗೌಡರು ಮೊದಲೇ ಹೇಳಿದ್ದರು. "ನೋಡಪಾ, ನೀ ಹೊಸಬ. ನಿನ್ನ ಮೈಕ್ ಛಲೋ ಅಂತಂದ್ರ ಈ ಸುಗ್ಗಿ ಮುಗಿಯೂತನ ಸುತ್ತಲಿನ ಹಳ್ಳಿ ನಾಟಕ ಎಲ್ಲಾ ನಿನಗ. ನಡಬರಕ ಗೊರಗೊರ ಅಂತೋ, ರಾಯಚೂರಿನ ಸೇಠರನ್ನ ಮುಂದಿನ ಖುರ್ಚಿಗಿ ಕರದೀವಿ. ಕೆಲಸ ಒಪ್ಪಿಸಿ ಅಲ್ಲೇ ಅವರ ಕೈಯಾಗ ವೀಳ್ಯ ಕೊಡ್ತೀವಿ." ಇದು ಸೋತರೆ ನನ್ನ ಮುಂದೆ ಇದ್ದದ್ದು ಒಂದೇ ದಾರಿ. ಮತ್ತೆ ಸೇಠರ ಬಾಗಿಲಿಗೆ ಹೋಗಿ, "ಯಾವ ಗಿಡ ಹತ್ತಲಿರಿ?" ಎಂದು ಕೇಳುವುದು. ಅದಕ್ಕಿಂತ ಆ ಯಂತ್ರ ನನ್ನ ಮೇಲೆ ಬಿದ್ದಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು.

ನಾಟಕದ ದಿನ ಮಧ್ಯಾಹ್ನ ಸಾಮಾನಿನ ಜೊತೆ ಚಾಚಾರನ್ನೂ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಆ ಊರು ಮುಟ್ಟಿದೆ. ತಿದಿ, ಇದ್ದಿಲಿನ ಚೀಲ ಅವರ ಜೊತೆಯೇ ಬಂದಿದ್ದವು. ಅವನ್ನು ಬಿಟ್ಟು ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಹಾರ್ನ್ ಕಟ್ಟಲು ಹುಣಸೆ ಮರ ಹತ್ತಿದೆ. ಮೇಲಿನಿಂದ ನೋಡಿದರೆ ರಂಗದ ಹಿಂದೆ ಹೊಗೆ. ಅಡುಗೆ ಇರಬೇಕು ಅಂದುಕೊಂಡೆ. ಇಳಿದು ಬಂದು ನೋಡುತ್ತೇನೆ, ಕೆಂಡದ ಪಕ್ಕದಲ್ಲಿ ಚಾಚಾ ಬಹಳ ಸಂತೋಷದಿಂದ ಕೂತಿದ್ದಾರೆ. ಅವರ ಮುಂದೆ ನನ್ನ ಎರಡು ಮೈಕುಗಳು, ಮದುವಣಗಿತ್ತಿಯ ಚರಿಗೆಗಳ ಹಾಗೆ ಹೊಳೆಯುತ್ತಿವೆ.

"ಬಹಳ ಮಂಕಾಗಿದ್ದವು ಬೇಟಾ" ಎಂದರು. "ರಾಯಚೂರಿನ ಸೇಠ್ ಮುಂದ ಕೂಡ್ತಾನಲ್ಲ. ನಿನ್ನ ಸಾಮಾನು ಮಂಕಿರಬಾರದು. ಕಲಾಯಿ ಹಾಕೀನಿ."

ಬಿಚ್ಚಿರಲಿಲ್ಲ, ಏನಿಲ್ಲ. ಇಡೀ ತಲೆಯನ್ನೇ ಕೆಂಡಕ್ಕೆ ಹಿಡಿದು, ನವಸಾಗರ ಉದುರಿಸಿ, ಅರಳೆಯಿಂದ ತವರ ಒರೆಸಿದ್ದರು. ಒಂದನ್ನು ಬ್ಯಾಟರಿಗೆ ಹಚ್ಚಿ "ಹಲೋ" ಎಂದೆ. ಉಸಿರಿಲ್ಲ. ಬಿಚ್ಚಿದೆ. ಒಳಗಿನದೆಲ್ಲ ಬೆಲ್ಲದ ಪಾಕವಾಗಿತ್ತು. ಎರಡನೆಯದೂ ಅದೇ ಕಥೆ. ಅಷ್ಟು ಚಂದದ ಮೈಕುಗಳನ್ನು ನಾನು ಇಂದಿಗೂ ನೋಡಿಲ್ಲ. ಮಾತು ಮಾತ್ರ ಬರುತ್ತಿರಲಿಲ್ಲ.

"ಇನ್ನೊಂದು ಎಲ್ಲಿ?" ಎಂದೆ.

"ಅಷ್ಟರಾಗ ತವರ ಮುಗೀತು" ಎಂದರು, ಕ್ಷಮೆ ಕೇಳುವವರ ಹಾಗೆ.

ಮೂರನೆಯದು ಉಳಿದಿತ್ತು. ಆದರೆ ಕೆಂಡದ ಹತ್ತಿರ ಬಿದ್ದಿದ್ದರಿಂದ ಅದರ ಕುತ್ತಿಗೆಯಲ್ಲಿ ವೈರು ಬೆಂದಿತ್ತು. ಎರಡು ಬೆರಳಿನಿಂದ ಒಂದು ಕಡೆ ಒತ್ತಿ ಹಿಡಿದರೆ ಮಾತಾಡುತ್ತಿತ್ತು. ಬಿಟ್ಟರೆ ಗೊರ್ ಎಂದು ಸುಮ್ಮನಾಗುತ್ತಿತ್ತು. ದಾರ ಕಟ್ಟಿದೆ, ಬಟ್ಟೆ ಸುತ್ತಿದೆ. ಅದಕ್ಕೆ ಬೆರಳೇ ಬೇಕು. ನಾನು ಅಲ್ಲಿಯೇ ನೆಲಕ್ಕೆ ಕೂತೆ. ಬೈಯಬೇಕು ಎಂದು ಬಾಯಿ ತೆರೆದರೆ ಚಾಚಾರ ಮುಖ ನೋಡಿ ಬೈಗುಳ ಬರಲಿಲ್ಲ. ಅವರು ಆ ಹೊಳೆಯುವ ಮೈಕನ್ನು ಕಿವಿಗೆ ಹಿಡಿದು ಕೇಳುತ್ತಿದ್ದರು.

"ಹೊಳಪು ಕೊಟ್ಟೆ, ದನಿ ತಗೊಂಡೆ" ಎಂದರು. "ಸೌದಾ ತಪ್ಪಾತು ಬೇಟಾ." ಕೈ ಚಾಚಿ, "ನಾಟಕದಾಗ ನನಗ ಕೈಗಿ ಏನೂ ಕೆಲಸಿಲ್ಲ. ಆ ವೈರು ನಾ ಒತ್ತಿ ಹಿಡೀತೀನಿ, ಕೊಡು ಇಲ್ಲಿ."

ಹೀಗೆ ಆಯಿತು ಏರ್ಪಾಡು. ಹೊಳೆಯುವ ಎರಡು ಮೈಕುಗಳನ್ನು ರಂಗದ ಎಡಕ್ಕೆ, ಬಲಕ್ಕೆ ತೂಗುಬಿಟ್ಟೆ, ಶೋಕಿಗೆ. ಜೀವ ಇದ್ದ ಮೈಕನ್ನು ಸುಟ್ಟ ಮರದ ಬುಡದಲ್ಲಿ, ಕೂತ ಚಾಚಾರ ಗಡ್ಡದ ಎತ್ತರಕ್ಕೆ ಕಟ್ಟಿದೆ. ವೈರು ಅವರ ಹರಿದ ಕಂಬಳಿಯೊಳಗೆ, ಬೆರಳ ಸಂದಿಯಲ್ಲಿ. ಯಾರಿಗೂ ಹೇಳಲಿಲ್ಲ. ಹೇಳಲು ನನ್ನ ಮಾನ ಒಪ್ಪಲಿಲ್ಲ.

ಗ್ಯಾಸ್ ಬತ್ತಿಯ ಬೆಳಕಿಗೆ ಮೈಕುಗಳು ಮಿಂಚಿದಾಗ ಜನ "ಓಹೋ" ಎಂದರು. ಮುಂದಿನ ಖುರ್ಚಿಯಲ್ಲಿ ಸೌಂಡ್ ಸೇಠರೂ ಕನ್ನಡಕ ಏರಿಸಿಕೊಂಡರು. ಗೌಡರ ಮಗ ಕತ್ತಿ ಹಿಡಿದು ಬಂದವನೇ ಹೊಳೆಯುವ ಮೈಕಿನ ಕೆಳಗೆ ಎದೆ ಉಬ್ಬಿಸಿ ನಿಂತ. ಬಾಯಿ ಆಡಿತು, ಕೈ ಆಡಿತು. ಹಾರ್ನಿನಿಂದ ಏನೂ ಇಲ್ಲ. "ಕೇಳವಲ್ದೂ!" ಎಂದು ಜನ ಕೂಗಿದರು. ಅವನು ಇನ್ನೊಂದಕ್ಕೆ ಓಡಿದ. ಅಲ್ಲಿಯೂ ಮೂಕ. ನಾನು ಆಂಪ್ಲಿಫೈಯರಿನ ಹಿಂದೆ ತಲೆ ಬಗ್ಗಿಸಿದೆ. ಆಗ ಹಾರ್ನುಗಳಿಂದ ಊರು ನಡುಗುವ ಹಾಗೆ ಒಂದು ಕೆಮ್ಮು ಕೇಳಿತು. ಹಿಂದೆಯೇ ಚಾಚಾರ ದನಿ.

"ಅಲ್ಲಿ ಏನು ಹುಡುಕ್ತೀಯಪಾ? ಊರೆಲ್ಲಾ ಸುಟ್ಟದ. ಉಳಿದಾಂವ ನಾ ಇಲ್ಲಿ ಕುಂತೀನಿ, ಬಾ."

ಜನ ನಕ್ಕರು, ಚಪ್ಪಾಳೆ ಹೊಡೆದರು. ನಾಟಕದ ಮಾತೇ ಇರಬೇಕು ಅಂದುಕೊಂಡರು. ಆಮೇಲೆ ಬೇರೆ ದಾರಿಯೇ ಉಳಿಯಲಿಲ್ಲ. ಯಾರ ಮಾತು ಜನರಿಗೆ ಕೇಳಬೇಕೋ ಅವರೆಲ್ಲ ಆ ಮುದುಕನ ಹತ್ತಿರ ಬಂದು ಸೊಂಟ ಬಗ್ಗಿಸಲೇಬೇಕು. ಬೇರೆ ಊರಿನಿಂದ ಕರೆಸಿದ್ದ ನಾಯಕಿ ಕಸುಬು ಬಲ್ಲ ಹೆಣ್ಣುಮಗಳು. ಯಾವ ಮೈಕಿಗೆ ಜೀವ ಇದೆ ಎಂದು ಒಂದೇ ನೋಟಕ್ಕೆ ತಿಳಿದುಕೊಂಡಳು. ಚಾಚಾರ ಪಕ್ಕದಲ್ಲೇ ಕೂತು, ನಾಯಕನಿಗೆ ಹಾಡಬೇಕಾದ ಪ್ರೇಮದ ಹಾಡನ್ನೆಲ್ಲ ಅವರ ಗಡ್ಡಕ್ಕೆ ಹಾಡಿದಳು. ನಾಯಕ ಹಿಂದೆ ನಿಂತು ಕಾಯ್ದ. ಖಳನಾಯಕ ಬಾವಿ ಬಿಟ್ಟು ಬಂದು ಮುದುಕನ ಕಿವಿಯಲ್ಲಿ ಅಟ್ಟಹಾಸ ಮಾಡಿದ. ಬಂದವರಿಗೆಲ್ಲ ಚಾಚಾ ತಮ್ಮ ಮಾತು ತಪ್ಪದೆ ಹೇಳಿದರು. "ಎಲ್ಲಾ ಖತಂ ಅಂತಿ. ಮತ್ತ ಅನ್ನಾಂವ ಯಾರಪಾ?" ಮೂರನೆಯ ಪ್ರವೇಶಕ್ಕೆ ಜನರೇ ಅವರ ಜೊತೆ ಹೇಳತೊಡಗಿದರು.

ಗೌಡರ ಮಗನಿಗೆ ಇದನ್ನು ಸಹಿಸಲಾಗಲಿಲ್ಲ. ಕತ್ತಿಯ ಹಿಡಿಯಿಂದ ಚಾಚಾರನ್ನು ತಿವಿದು, "ಏ ಮುದಿಯಾ, ಸರಿ ಆಕಡಿ!" ಎಂದ. ನಾಟಕದಲ್ಲಿ ಈ ಮಾತಿರಲಿಲ್ಲ. ಚಾಚಾ ಅವನ ಮುಖ ನೋಡಿದರು. ಆಮೇಲೆ ಕಂಬಳಿಯೊಳಗೆ ಬೆರಳು ಸ್ವಲ್ಪ ಸಡಿಲಾಯಿತು. ನಾಯಕ ತನ್ನ ಅತಿ ಉದ್ದದ ಮಾತನ್ನು, ಕಣ್ಣಲ್ಲಿ ನೀರು ತುಂಬಿಕೊಂಡು, ಮೀನಿನ ಹಾಗೆ ಬಾಯಿ ಬಿಟ್ಟು ಬಿಟ್ಟು ಮುಚ್ಚಿ ಮುಗಿಸಿದ. "ಮುಂದಕ್ಕ ನಡಿಲೇ!" ಎಂದು ಹಿಂದಿನ ಸಾಲಿನಿಂದ ಕೂಗು. ಮುದುಕ ಮುನಿದರೆ ಮೈಕೂ ಮುನಿಯುತ್ತದೆ ಎಂಬುದಷ್ಟು ಅವನಿಗೆ ಈಗ ಹೊಳೆಯಿತು. ಮೊಣಕಾಲೂರಿ, ಚಾಚಾರ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. ಸರಿಯಾಗಿ ಅದೇ ಹೊತ್ತಿಗೆ ಬೆರಳು ಬಿಗಿಯಾಯಿತು. ಎರಡೂ ಹಾರ್ನಿನಿಂದ ಹೊಲದಾಚೆಯವರೆಗೂ ಕೇಳಿತು: "ಯಜ್ಜಾ, ನಿನ್ನ ಕಾಲಿಗಿ ಬೀಳ್ತೀನಿ."

ಗೌಡರೇ ಮೊದಲು ನಕ್ಕರು. ಅವರು ನಕ್ಕದ್ದರಿಂದ ಊರೆಲ್ಲ ನಗಬಹುದಾಯಿತು.

ನಮ್ಮ ಕಡೆ ನಾಟಕದಲ್ಲಿ ಯಾರ ಪಾರ್ಟು ಮೆಚ್ಚಿದರೂ ನಡುವೆಯೇ ರಂಗಕ್ಕೆ ಹತ್ತಿ ಆಹೇರಿ, ಅಂದರೆ ಉಡುಗೊರೆ, ಕೊಡುತ್ತಾರೆ. ಒಬ್ಬ ಅಂಗಡಿಕಾರ ಹತ್ತಿಬಂದು ಚಾಚಾರ ಮಡಿಲಲ್ಲಿ ಒಂದು ಹೊಚ್ಚ ಹೊಸ ಸ್ಟೀಲಿನ ಚರಿಗೆ ಇಟ್ಟ. ಚಾಚಾ ಅದನ್ನು ಖಾಲಿ ಇದ್ದ ಕೈಯಿಂದ ಎತ್ತಿ, ತಿರುಗಿಸಿ, ಒಳಗೆ ಇಣುಕಿ ನೋಡಿದರು. ಮೈಕಿನ ಹತ್ತಿರ ಹಿಡಿದು ಉಗುರಿನಿಂದ ಬಡಿದರು. ಟಣ್ ಎಂದಿತು.

"ಸ್ಕೈಲ್ಯಾಬ್ ಎಲ್ಲಿ ಬಿತ್ತು, ಎಲ್ಲಿ ಬಿತ್ತು ಅಂತ ಕೇಳ್ತಿದ್ರಲ್ಲ" ಎಂದರು. "ನನ್ನ ತಲಿಮ್ಯಾಲ ಬಿದ್ದದ್ದು ಇದ ನೋಡ್ರಪಾ."

ಗಂಡಸರು ನಕ್ಕರು. ಹೆಂಗಸರ ಕಡೆಯಿಂದ ಸದ್ದು ಬರಲಿಲ್ಲ. ಎಷ್ಟು ಜನ ಮನೆಯ ತಾಮ್ರ ಕೊಟ್ಟು ಬಂದವರಿದ್ದರೋ.

ಇಷ್ಟರಲ್ಲಿ ಸೌಂಡ್ ಸೇಠರು ಎದ್ದು ರಂಗದ ಹಿಂದೆ ನನ್ನ ಹತ್ತಿರ ಬಂದರು. ಅವರು ಈ ಕಸುಬಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕಣ್ಣಲ್ಲೇ ಹಿಡಿದುಬಿಟ್ಟರು.

"ಒಂದ ಮೈಕು. ಅದೂ ಮುದುಕನ ಬೆರಳಿನಾಗ" ಎಂದರು. "ಭಲೇ. ಆದ್ರ ಕಡೀ ಸೀನಿನಾಗ ಎಲ್ಲಾರೂ ಎದ್ದು ಹೊಸ ಊರು ಕಟ್ಟಾಕ ಹೋಗ್ತಾರಂತ, ಮುದುಕನ್ನೂ ಕರಕೊಂಡು. ಮಾಸ್ತರ ಹೇಳಿದ. ಆಮ್ಯಾಲ ಗೌಡ್ರ ಭಾಷಣ, ಮಂಗಳಾರತಿ. ಮುದುಕ ಎದ್ದ ಮ್ಯಾಲ ನಿನ್ನ ಮೈಕ್ ಯಾರು ಹಿಡೀತಾರಲೇ?" ನನ್ನ ಬೆನ್ನು ತಟ್ಟಿ, "ನಾಳಿಂದ ಬಾ. ಗಿಡ ಕಾಯಾಕತ್ತಾವ" ಎಂದು ಹೋಗಿ ಖುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು.

ನಾನು ಇದನ್ನು ಮರೆತೇಬಿಟ್ಟಿದ್ದೆ. ರಂಗದ ಮೇಲೆ ಹೋಗುವ ಹಾಗಿಲ್ಲ, ಕೂಗುವ ಹಾಗಿಲ್ಲ. ಕೊನೆಯ ಪ್ರವೇಶ ಬಂದೇಬಿಟ್ಟಿತು. ಖಳನಾಯಕ ಸತ್ತ, ಬಾವಿ ಸಿಕ್ಕಿತು, ಪ್ರೇಮಿಗಳು ಕೂಡಿದರು. ಉಳಿದವರೆಲ್ಲ ಗಂಟು ಹೊತ್ತು ಹೊರಟರು. ನಾಯಕ ಬಂದು ಚಾಚಾರ ಮುಂದೆ ಕೈ ಚಾಚಿದ. "ಏಳು ತಾತಾ, ನಮ್ಮೊಡನೆ ಬಾ. ಹೊಸ ಊರು ಕಟ್ಟೋಣ."

ಚಾಚಾ ಏಳಲಿಲ್ಲ.

ನಾಯಕ ಮತ್ತೊಮ್ಮೆ ಹೇಳಿದ. ಪರದೆಯ ಹಿಂದಿನಿಂದ ಮಾಸ್ತರರು, "ಏಳ್ರಿ ಚಾಚಾ! ಏಳ್ರಿ!" ಎಂದು ಹಲ್ಲು ಕಡಿದರು. ಚಾಚಾ ಒಮ್ಮೆ ತಿರುಗಿ ನಾನಿದ್ದ ಕಡೆ ನೋಡಿದರು. ಬೆವರು ಗಡ್ಡದಿಂದ ಇಳಿಯುತ್ತಿತ್ತು. ಬೆರಳು ಬಿಟ್ಟಿರಲಿಲ್ಲ.

"ನೀವು ಹೋಗ್ರಪಾ" ಎಂದರು ಮೆಲ್ಲಗೆ. ಹಾರ್ನಿನಲ್ಲಿ ಆ ಮೆಲುದನಿಯೂ ಸ್ಪಷ್ಟವಾಗಿ ಕೇಳಿತು. "ಎಲ್ಲಾರೂ ಹೊಸ ಊರಿಗಿ ಹೋದ್ರ, ಹಿಂದಿನಿಂದ ಬರಾವರಿಗಿ ದಾರಿ ಹೇಳಾಂವ ಯಾರು? ನಾ ಇಲ್ಲೇ ಕುಂಡ್ರತೀನಿ."

ಗೌಡರ ಮಗನಿಗೆ ಮುಂದಿನ ಮಾತು ಗೊತ್ತಿರಲಿಲ್ಲ. ಕತ್ತಿ ಕೆಳಗಿಟ್ಟು ನಿಜವಾಗಿಯೇ ಅವರ ಪಾದ ಮುಟ್ಟಿದ. ಒಬ್ಬ ಹೆಣ್ಣುಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಳು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಬ್ಬಿತು. ಗೌಡರು ಕಣ್ಣು ಒರೆಸಿಕೊಂಡು ರಂಗಕ್ಕೆ ಬಂದು, ಚಾಚಾರ ಪಕ್ಕದಲ್ಲೇ ನೆಲಕ್ಕೆ ಕೂತು ಭಾಷಣ ಮಾಡಿದರು. ಒಂದು ಅಕ್ಷರ ತಪ್ಪದೆ ಹೊಲಗಳಾಚೆಗೆ ಕೇಳಿತು. ಆ ರಾತ್ರಿ ಊರೆಲ್ಲ ಅತ್ತದ್ದು ಒಂದು ಬೆಂದ ವೈರಿಗೆ ಎಂಬುದು ಚಾಚಾ, ನಾನು, ಸೇಠರು ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ. ಮಾಸ್ತರರು ಮಾತ್ರ ಆ ಮಾತನ್ನು ತಾವೇ ಬರೆದದ್ದೆಂದು ಕೊನೆಯವರೆಗೂ ಹೇಳಿಕೊಂಡು ತಿರುಗಿದರು.

ಪರದೆ ಬಿದ್ದ ಮೇಲೆ ಓಡಿಹೋಗಿ ನೋಡಿದರೆ ಬೆರಳುಗಳು ಮರಗಟ್ಟಿ ಬಿಡಿಸಲು ಬರುತ್ತಿಲ್ಲ. ಎಣ್ಣೆ ಹಚ್ಚಿ ತಿಕ್ಕುತ್ತ, "ಚಾಚಾ, ಆ ಮಾತು ಎಲ್ಲಿಂದ ತಂದ್ರಿ?" ಎಂದೆ.

"ಎಲ್ಲಿಂದನೂ ಇಲ್ಲ. ಏಳಂಗಿದ್ದಿಲ್ಲ, ಕುಂತೆ. ಕುಂತದ್ದಕ್ಕ ಒಂದು ಕಾರಣ ಹೇಳಬೇಕಲ್ಲ, ಹೇಳಿದೆ" ಎಂದರು. "ಮೆಲ್ಲಕ ತಿಕ್ಕು, ಇದೇನು ಹಂಡೆ ಅಲ್ಲ."

ಗೌಡರು ವೀಳ್ಯ ನನಗೇ ಕೊಟ್ಟರು. ಸೇಠರು ಹೋಗುವಾಗ ನಿಂತು, "ಮೈಕ್ ಯಾರ ಬೇಕಾದ್ರೂ ತರ್ತಾರ. ಆ ಮುದುಕನ್ನ ಎಲ್ಲಿಂದ ತಂದೀಲೇ?" ಎಂದು ಕೇಳಿದರು. ನಾನು ನನ್ನ ಹಾರ್ನ್ ಬಿಚ್ಚಲು ಹುಣಸೆ ಮರ ಹತ್ತಿದೆ.

ಆದರೆ ಗೌಡರ ವೀಳ್ಯಕ್ಕೆ ಒಂದು ಕರಾರು ಇತ್ತು: ಮೈಕಿನ ಜೊತೆ ಮುದುಕನೂ ಬರಬೇಕು. ಹಳ್ಳಿಯಿಂದ ಹಳ್ಳಿಗೆ ಸುದ್ದಿ ಹಾಗೆಯೇ ಹೋಯಿತು. ಯಾವ ನಾಟಕವಾದರೂ ಸರಿ, ನಡುವೆ ಒಬ್ಬ ಮುದುಕ ಕೂತಿರಲೇಬೇಕು. ಅತ್ತೆ ಸೊಸೆ ಜಗಳದ ನಾಟಕದಲ್ಲಿ ಪಡಸಾಲೆಯ ನಡುವೆ ಕೂತರು. ದೂರದ ಸಂಬಂಧಿಕರು ಎಂದು ಒಂದು ಮಾತು ಸೇರಿಸಿದರು. ರಾಜರ ನಾಟಕದಲ್ಲಿ ಸಿಂಹಾಸನದ ಕೆಳಗೆ ಕೂತರು. ಯರಗೇರಾದಲ್ಲಿ ಕೋರ್ಟಿನ ದೃಶ್ಯ. ಜಡ್ಜಿನ ಮಗ್ಗುಲಿಗೆ ಕೂತು, ಗಲ್ಲಿನ ತೀರ್ಪು ಓದಿ ಮುಗಿದ ಕೂಡಲೆ ತಮ್ಮ ಆ ಒಂದೇ ಮಾತನ್ನು ಎತ್ತಿದರು. ಜನ ಎದ್ದು ನಿಂತು, "ಬಿಡ್ರಿ ಅವನ್ನ! ಬಿಟ್ಟುಬಿಡ್ರಿ!" ಎಂದು ಹಟ ಹಿಡಿದರು. ಜಡ್ಜಿನ ಪಾರ್ಟಿನವನು ಹೆದರಿ ಅಪರಾಧಿಯನ್ನು ಬಿಟ್ಟುಬಿಟ್ಟ. ಆ ನಾಟಕ ಅರ್ಧ ತಾಸು ಮೊದಲೇ ಮುಗಿಯಿತು.

ಹೊಸ ಮೈಕುಗಳು ಬಂದವು, ಒಳ್ಳೆಯ ವೈರು ಬಂತು. ಚಾಚಾ ಕಂಬಳಿಯೊಳಗೆ ಬೆರಳು ಒತ್ತಿ ಹಿಡಿಯುವುದನ್ನು ಬಿಡಲಿಲ್ಲ. "ಈಗ ಬೇಕಾಗಿಲ್ರಿ ಚಾಚಾ" ಎಂದರೆ, "ನಿನಗ ಬೇಕಾಗಿಲ್ಲ. ಕೈಗಿ ಬೇಕಲ್ಲ" ಎನ್ನುತ್ತಿದ್ದರು. ಸುಗ್ಗಿಯಿಂದ ಸುಗ್ಗಿಗೆ ಹೀಗೆ ತಿರುಗಿದೆವು, ಚೀಕಲಪರ್ವಿಯ ಹೊಳೆ ದಂಡೆಯಿಂದ ದೇವದುರ್ಗದ ಆಚೆಯವರೆಗೆ. ಬಂಡಿಯಲ್ಲಿ ಹೋಗುವಾಗ ಊರ ಹುಡುಗರು, "ಮುದುಕ ಬಂದ, ನಾಟಕ ಐತಿ!" ಎಂದು ಓಡುತ್ತಿದ್ದರು. ಮೈಕ್ ಬಂತು ಎಂದು ಒಬ್ಬನೂ ಅನ್ನಲಿಲ್ಲ. ಮೊದಮೊದಲು ನನಗೆ ಸ್ವಲ್ಪ ಉರಿಯುತ್ತಿತ್ತು.

ಎಂಬತ್ತರ ದಶಕದ ನಡುವಿಗೆ ನಾನು ಮಾನ್ವಿಯ ಮಸೀದಿಗೂ ಹಾರ್ನ್ ಕಟ್ಟಿದ್ದೆ. ಒಂದು ಸಲ ದೇವದುರ್ಗದ ಕಡೆ ಮದುವೆ ಕೆಲಸ ಮುಗಿಸಿಕೊಂಡು ಬೆಳಗಿನ ಬಸ್ಸಿಗೆ ಇಳಿದರೆ, ಮಸೀದಿಯಲ್ಲಿ ಬಾಂಗ್ ಕೂಗುವ ಮೌಜನ್ ಸಾಹೇಬರು ನನ್ನ ದಾರಿ ಕಾಯುತ್ತ ನಿಂತಿದ್ದರು. "ಬೇಗ ಬಾರಪಾ. ಮಶೀನು ಮಾತಾಡವಲ್ದು. ಒಬ್ಬರು ತೀರಿಕೊಂಡಾರ, ಸುದ್ದಿ ಹೇಳಬೇಕು." ಬಿಚ್ಚಿ ನೋಡಿದೆ, ಒಂದು ವೈರು ಬಿಟ್ಟಿತ್ತು. ಜೋಡಿಸುತ್ತ, "ಯಾರ್ರಿ ಹೋದವ್ರು?" ಎಂದೆ. ಅವರು ಒಂದು ಹೆಸರು ಹೇಳಿದರು. ತಂದೆಯ ಹೆಸರೂ ಸೇರಿ ಬಹಳ ಗೌರವದ, ಉದ್ದನೆಯ ಹೆಸರು. ಯಾರೋ ದೊಡ್ಡವರಿರಬೇಕು ಅಂದುಕೊಂಡು "ಅಯ್ಯೋ ಪಾಪ" ಎಂದೆ.

ಸಾಹೇಬರು ಉರ್ದುವಿನಲ್ಲಿ ಸುದ್ದಿ ಹೇಳಿದರು. ಮೆಟ್ಟಿಲ ಮೇಲೆ ನಿಂತು ಕೇಳಿದೆ. ಹಾರ್ನ್ ಚೆನ್ನಾಗಿ ಮಾತಾಡುತ್ತಿತ್ತು. ಆದರೆ ಬಜಾರಿನಲ್ಲಿ ಯಾರೂ ಕತ್ತೆತ್ತಲಿಲ್ಲ. ಹೋಟೆಲಿನವನು ಚಹಾ ಎತ್ತಿ ಸುರಿಯುತ್ತಲೇ ಇದ್ದ.

ಸಾಹೇಬರು ಮೈಕು ಇಟ್ಟು ಬಂದು, "ನೀ ಮಯ್ಯತ್ತಿಗಿ, ಮಣ್ಣಿಗಿ ಬರ್ತೀ ಅಲ್ಲೇನು? ನಿನ್ನ ಬಾಜೂದವರ" ಎಂದರು.

"ನನ್ನ ಬಾಜೂಕ ಯಾರದಾರ್ರಿ? ಬೇವಿನ ಗಿಡದ ಕೆಳಗ..." ಎಂದು ನಾನು ಹೇಳುತ್ತ ಹೇಳುತ್ತ ನಿಂತೆ.

ಅಷ್ಟು ವರ್ಷ ಒಂದೇ ಬಂಡಿಯಲ್ಲಿ ತಿರುಗಿದ್ದೆವು. ಅವರ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು, ನಾನೇ ಕಟ್ಟಿದ ಹಾರ್ನಿನಿಂದ. ಕೇಳಿಯೂ ಗುರುತು ಹಿಡಿದಿರಲಿಲ್ಲ.

"ಸಾಹೇಬ್ರ, ಇನ್ನೊಮ್ಮೆ ಹೇಳ್ರಿ" ಎಂದೆ. "ಆ ಹೆಸರು ಈ ಊರಾಗ ಯಾರಿಗೂ ಗೊತ್ತಿಲ್ಲರಿ. ಕಲಾಯಿ ಚಾಚಾ ಅನ್ರಿ."

ಅವರು ಅನುಮಾನಿಸಿದರು. ಸತ್ತವರನ್ನು ಹಾಗೆ ಕರೆಯುವುದು ಸರಿಯೋ ಅಲ್ಲವೋ ಎಂದು. ನನ್ನ ಮುಖ ನೋಡಿ ಮೈಕು ಕೈಗೆ ತೆಗೆದುಕೊಂಡು, ಈ ಸಲ ಕನ್ನಡದಲ್ಲಿ ಹೇಳಿದರು. "ಬೇವಿನ ಗಿಡದ ಕಲಾಯಿ ಚಾಚಾ ತೀರಿಕೊಂಡಾರ."

ಹೋಟೆಲಿನವನ ಕೈ ನಿಂತಿತು. ಬಜಾರಿನ ಆ ತುದಿಯಿಂದ ಅಂಗಡಿಗಳ ಹಲಗೆ ಬಾಗಿಲು ಒಂದೊಂದಾಗಿ ಜೋಡಿಸುವ ಸದ್ದು ಬರತೊಡಗಿತು. ಸ್ಟೀಲಿನ ಪಾತ್ರೆ ಅಂಗಡಿಯವನೂ ಬಾಗಿಲು ಹಾಕಿದ. ನಾನು ಮಶೀನು ಆಫ್ ಮಾಡಿ, ಚಪ್ಪಲಿ ಮೆಟ್ಟಿಕೊಂಡು, ಸಾಹೇಬರ ಜೊತೆ ಮಣ್ಣಿಗೆ ನಡೆದೆ.